ಇಂಗ್ಲಿಷ್ ಪದ್ಯಕ್ಕೆ ಪ್ರಸ್ತಾರ ಹಾಕಬೇಡಿ

ಇಂಗ್ಲಿಷ್ ಛಂದಸ್ಸಿನ ‘ಅಯಾಂಬಿಕ್ ಪೆಂಟಾಮೀಟರ್’ ಎಂದರೇನು ಅಂತ ಡಿಗ್ರಿ ಮಕ್ಕಳನ್ನು ಕೇಳಿ ನೋಡಿ. ಉತ್ತರ ಥಟ್ಟನೆ ಬರುತ್ತದೆ. ಹತ್ತು ಅಕ್ಷರ (ಸಿಲಬಲ್), ಐದು ಗಣ, ಒಂದು ಬಿಟ್ಟು ಒಂದಕ್ಕೆ ಒತ್ತು. ಗೈಡಿನಲ್ಲಿ ಹಾಗೇ ಇದೆ, ಪರೀಕ್ಷೆಗೆ ಅಷ್ಟು ಸಾಕು. ಸರಿ, ಈಗ ಒಂದು ಸಾಲು ಜೋರಾಗಿ ಓದಿ ಅಂದರೆ ಹತ್ತೂ ಅಕ್ಷರಗಳನ್ನು ಒಂದೇ ತೂಕದಲ್ಲಿ, ಹಾಜರಿ ಕರೆದ ಹಾಗೆ ಓದಿ ಮುಗಿಸುತ್ತಾರೆ. ಆ ಐದು ಏಟು ಎಲ್ಲಿ ಹೋದವು?

ಇಷ್ಟು ವರ್ಷ ಇಂಗ್ಲಿಷ್ ಕಾವ್ಯ ಪಾಠ ಮಾಡಿದ ಮೇಲೆ ನನಗನ್ನಿಸುವುದು ಇದು ದಡ್ಡತನ ಅಲ್ಲ ಅಂತ. ನಮ್ಮ ಕಿವಿ ಪಳಗಿರುವುದೇ ಬೇರೆ ಥರ. ಕನ್ನಡ ಪದ್ಯ ಕಾಲವನ್ನು ಅಳೆಯುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಭಾಮಿನಿ ಷಟ್ಪದಿಯಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಅಂತ ಗಣಗಳು ಬರುತ್ತವಲ್ಲ, ಒಂದು ಮಾತ್ರೆ ತಪ್ಪಿದರೂ ಗಮಕ ಕೇಳಿ ಬೆಳೆದವರಿಗೆ ಗೊತ್ತಾಗಿಬಿಡುತ್ತದೆ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಗಣ ವಿಂಗಡಿಸಿ ಅಂತ ಅಂಕ ಕೊಟ್ಟು ಕಲಿಸಿದ್ದಾರೆ ಬೇರೆ. ಅದೇ ಕಿವಿ ಇಟ್ಟುಕೊಂಡು ಇಂಗ್ಲಿಷ್ ಸಾಲಿನ ಮೇಲೂ ಲಘು ಗುರು ಗುರುತು ಹಾಕಲು ಹೋಗುತ್ತೇವೆ. ಅಲ್ಲೇ ಕೈ ಕೊಡುವುದು.

ಇಂಗ್ಲಿಷಿನಲ್ಲಿ ನಡೆ ನಿಂತಿರುವುದು ಒತ್ತಿನ ಮೇಲೆ. (ಒತ್ತಕ್ಷರದ ಒತ್ತಲ್ಲ, ದನಿಯ ಒತ್ತು.) ಒಂದು ಅಕ್ಷರದ ಮೇಲೆ ದನಿ ಜೋರಾಗುತ್ತದೆ, ಸ್ವಲ್ಪ ಏರುತ್ತದೆ, ಸ್ವಲ್ಪ ಎಳೆಯುತ್ತದೆ. ಅಕ್ಕಪಕ್ಕದವು ಸೊರಗುತ್ತವೆ. ‘ಬನಾನ’ ಬರೆಯುವಾಗ ಮೂರು ಕಡೆ ಒಂದೇ ಸ್ವರ ಬರೆಯುತ್ತಾರೆ, ಆದರೆ ಹೇಳುವಾಗ ನಡುವಿನದಕ್ಕೆ ಮಾತ್ರ ಜೀವ, ಉಳಿದೆರಡು ಬಾಯಲ್ಲೇ ಕರಗುತ್ತವೆ. ಪದ್ಯ ಓದುವಾಗ ನಾವು ಸ್ವರಗಳನ್ನು ಹೀಗೆ ತಿನ್ನುವುದಿಲ್ಲ. ಬರೆದದ್ದಕ್ಕೆಲ್ಲ ಪೂರ್ತಿ ಬೆಲೆ ಕೊಡುತ್ತೇವೆ. ಒಳ್ಳೆಯ ಗುಣವೇ, ಆದರೆ ಇಂಗ್ಲಿಷ್ ಪದ್ಯಕ್ಕೆ ಒಗ್ಗುವುದಿಲ್ಲ.

ಎಲ್‌ಕೆಜಿ ಮಕ್ಕಳು ಇದನ್ನು ಸುಮ್ನೆ ಸರಿಯಾಗಿ ಮಾಡುತ್ತಾರೆ. ‘ಬಾ ಬಾ ಬ್ಲ್ಯಾಕ್ ಶೀಪ್’ ಅಂದಾಗ ಅಕ್ಷರ ನಾಲ್ಕು. ‘ಹ್ಯಾವ್ ಯು ಎನಿ ವೂಲ್’ ಅಂದಾಗ ಐದು. ಆದರೂ ಎರಡಕ್ಕೂ ಹಿಡಿಯುವುದು ಅದೇ ನಾಲ್ಕು ತಾಳ. ಮೊದಲನೆಯದರಲ್ಲಿ ಅಕ್ಷರಕ್ಕೊಂದು ತಾಳ, ಎರಡನೆಯದರಲ್ಲಿ ಮೊದಲ ನಾಲ್ಕು ಓಡುತ್ತವೆ, ‘ವೂಲ್’ ಹಾಯಾಗಿ ಎರಡು ತಾಳ ಕೂತುಕೊಳ್ಳುತ್ತದೆ. ಅಕ್ಷರ ಜಾಸ್ತಿಯಾದರೆ ಕಾಲವೂ ಜಾಸ್ತಿಯಾಗಬೇಕು ಅನ್ನುವ ನಿಯಮ ಇಲ್ಲಿಲ್ಲ.

ಈಗ ಥಾಮಸ್ ಗ್ರೇ ಬರೆದ, 1751ರಲ್ಲಿ ಅಚ್ಚಾದ ಎಲಿಜಿಯ (ಶೋಕಗೀತೆಯ) ಮೊದಲ ಸಾಲು ತಗೊಳ್ಳಿ. ‘ದ ಕರ್ಫ್ಯೂ ಟೋಲ್ಸ್ ದ ನೆಲ್ ಆಫ್ ಪಾರ್ಟಿಂಗ್ ಡೇ.’ ಕರ್, ಟೋಲ್ಸ್, ನೆಲ್, ಪಾರ್, ಡೇ. ಇವಿಷ್ಟನ್ನೇ ಹೇಳಿ ನೋಡಿ. ಸಂಜೆಯ ಗಂಟೆ ಹೊಡೆಯುವುದು ಆಗ ಕೇಳಿಸುತ್ತದೆ. ಮೂರನೆಯ ಸಾಲಿನಲ್ಲಿ ರೈತ ಮನೆಗೆ ಹೋಗುತ್ತಿದ್ದಾನೆ: ‘ದ ಪ್ಲೌಮನ್ ಹೋಮ್‌ವರ್ಡ್ ಪ್ಲಾಡ್ಸ್ ಹಿಸ್ ವಿಯರಿ ವೇ.’ ಪ್ಲೌ, ಪ್ಲಾಡ್ಸ್; ಆಮೇಲೆ ವಿಯರಿ, ವೇ. ಈ ಜೋಡಿಗಳಲ್ಲಿ ಒಂದೇ ವ್ಯಂಜನ ಮರಳಿ ಬರುವ ಕಡೆ ಒತ್ತೂ ಇದೆ, ಗಮನಿಸಿದಿರಾ? ಇದು ಬಹಳ ಹಳೆಯ ಅಭ್ಯಾಸ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅಂತ್ಯಪ್ರಾಸ ಇರಲಿಲ್ಲ ಅಂದರೂ ಸರಿಯೇ. ಸಾಲಿಗೆ ನಾಲ್ಕು ಒತ್ತು, ನಡುವೆ ಒಂದು ಬಿರುಕು, ಎರಡು ಅರ್ಧಗಳನ್ನು ಕಟ್ಟುವುದು ಒತ್ತಿರುವ ಅಕ್ಷರಗಳ ಮೊದಲ ಸದ್ದು. ಅಂತ್ಯಪ್ರಾಸ ತಳವೂರಿದ್ದು ಲ್ಯಾಟಿನ್, ಫ್ರೆಂಚ್ ಪ್ರಭಾವದಿಂದ. ನಮ್ಮ ಹಳೆಯ ಕವಿಗಳಿಗೂ ಸಾಲಿನ ಕೊನೆ ಮುಖ್ಯವಾಗಿರಲಿಲ್ಲ, ಎರಡನೆಯ ಅಕ್ಷರದ ಆದಿಪ್ರಾಸವೇ ಎಲ್ಲ.

ಇನ್ನೊಂದು ನಮ್ಮದೇ ತೊಂದರೆ ಇದೆ. ಬಸ್ಸು, ಬುಕ್ಕು, ಕಾರು ಅಂತ ಕೊನೆಗೆ ಒಂದು ‘ಉ’ ಅಂಟಿಸುವುದು. ಮಾತಿನಲ್ಲಿ ಪರವಾಗಿಲ್ಲ, ಪದ್ಯದಲ್ಲಿ ಅನಾಹುತ. ಅಲೆಕ್ಸಾಂಡರ್ ಪೋಪ್ 1711ರಲ್ಲಿ ಕೆಟ್ಟ ಕವಿಗಳನ್ನು ಗೇಲಿ ಮಾಡಲು ಒಂದು ಸಾಲು ಬರೆದ. ‘ಅಂಡ್ ಟೆನ್ ಲೋ ವರ್ಡ್ಸ್ ಆಫ್ಟ್ ಕ್ರೀಪ್ ಇನ್ ಒನ್ ಡಲ್ ಲೈನ್.’ ಹತ್ತು ಸಣ್ಣ ಪದ ಸೇರಿ ಒಂದು ಜಡ ಸಾಲಿನಲ್ಲಿ ತೆವಳುತ್ತವೆ ಅನ್ನುವ ಮಾತು, ಅದನ್ನು ಹೇಳುವ ಸಾಲಿನಲ್ಲೂ ಲೆಕ್ಕವಾಗಿ ಹತ್ತೇ ಪದ! ವರ್ಡ್ಸು, ಕ್ರೀಪು, ಡಲ್ಲು, ಲೈನು ಅಂದರೆ ಹದಿನಾಲ್ಕು ಅಕ್ಷರವಾಯಿತು, ತಮಾಷೆ ಅಲ್ಲೇ ಸತ್ತಿತು.

ಇದರ ಪಕ್ಕಕ್ಕೆ ಶೇಕ್ಸ್‌ಪಿಯರನ ನಾಟಕದಲ್ಲಿ ಮ್ಯಾಕ್‌ಬೆತ್ ಹೇಳುವುದನ್ನು ಇಡಿ. ರಾಜನನ್ನು ಕೊಂದು ಬಂದಿದ್ದಾನೆ, ಕೈಯೆಲ್ಲ ರಕ್ತ. ಸಮುದ್ರ ಈ ಕೈ ತೊಳೆಯುವುದಿರಲಿ, ಈ ಕೈಯೇ ಸಮುದ್ರಗಳನ್ನೆಲ್ಲ ಕೆಂಪು ಮಾಡೀತು ಅನ್ನುತ್ತಾನೆ. ‘ದ ಮಲ್ಟಿಟ್ಯೂಡಿನಸ್ ಸೀಸ್ ಇನ್‌ಕಾರ್ನಡೈನ್.’ ಪೋಪನ ಸಾಲಿನದೇ ಅಳತೆ, ಆದರೆ ಇಲ್ಲಿ ಇರುವುದು ನಾಲ್ಕೇ ಪದ. ಎರಡು ಉದ್ದನೆಯ ಲ್ಯಾಟಿನ್ ಮೂಲದ ಪದಗಳು ಅಲೆಯಂತೆ ಸಾಲನ್ನೆಲ್ಲ ತುಂಬಿಕೊಳ್ಳುತ್ತವೆ. ಅದರ ಬೆನ್ನಿಗೇ ‘ಮೇಕಿಂಗ್ ದ ಗ್ರೀನ್ ಒನ್ ರೆಡ್’. ಎಲ್ಲವೂ ಮನೆಮಾತಿನ, ಹಳೆಯ ಇಂಗ್ಲಿಷಿನ ಗಿಡ್ಡ ಪದಗಳು. ಅರ್ಥ ಹೆಚ್ಚುಕಡಿಮೆ ಅದೇ. ಮೊದಲು ಭಯ ದೊಡ್ಡದಾಗಿ ಉಬ್ಬಿತು, ಆಮೇಲೆ ಎದುರಿಗೆ ಬರೀ ಕೆಂಪು. ಸಂಸ್ಕೃತದ ಸಮಾಸ ಮತ್ತು ಅಚ್ಚಗನ್ನಡ ಎರಡನ್ನೂ ಒಂದೇ ಪದ್ಯದಲ್ಲಿ ಆಡಿಸಿದ ಪಂಪನನ್ನು ಓದಿದವರಿಗೆ ಈ ಆಟವನ್ನು ವಿವರಿಸಬೇಕಾಗಿಯೇ ಇಲ್ಲ. ಇಂಗ್ಲಿಷರಿಗಿಂತ ನಮಗೇ ಇದು ಬೇಗ ಹೊಳೆಯಬೇಕು ಅಂತ ನನ್ನ ಅನಿಸಿಕೆ.

ಸದ್ದೇ ಅರ್ಥ ಕೊಡುತ್ತದೆ ಅಂತ ಮಾತ್ರ ನಂಬಿಬಿಡಬೇಡಿ. ‘ಮ’ ಬಂದರೆ ಮೃದು, ‘ಸ’ ಬಂದರೆ ಹಾವು ಅಂತ ಉತ್ತರಪತ್ರಿಕೆಯಲ್ಲಿ ಓದಿ ಓದಿ ಸಾಕಾಗಿದೆ. ಟೆನಿಸನ್ನನ ಪ್ರಸಿದ್ಧ ಸಾಲು ‘ಮರ್ಮರಿಂಗ್ ಆಫ್ ಇನ್ನ್ಯೂಮರಬಲ್ ಬೀಸ್’ ಓದಿದರೆ ಜೇನುಹುಳುಗಳ ಗುಂಯ್ ಕೇಳಿಸುತ್ತದೆ, ನಿಜ. ಅಮೆರಿಕದ ಕವಿ ಜಾನ್ ಕ್ರೋ ರ‍್ಯಾನ್ಸಮ್ ಅದನ್ನು ‘ಮರ್ಡರಿಂಗ್ ಆಫ್ ಇನ್ನ್ಯೂಮರಬಲ್ ಬೀವ್ಸ್’ ಅಂತ ತಿರುಗಿಸಿದ. ಸದ್ದು ಹೆಚ್ಚುಕಡಿಮೆ ಹಾಗೇ ಇದೆ. ಆದರೆ ಈಗ ಲೆಕ್ಕವಿಲ್ಲದಷ್ಟು ದನಗಳ ಕೊಲೆ! ಗುಂಯ್ ಮಾಯ. ಅರ್ಥ ದಾರಿ ತೋರಿಸಿದ ಮೇಲೆ ಸದ್ದು ಹಿಂದೆ ಬರುತ್ತದೆ.

ಒತ್ತಿನ ಭಾಷೆಯಿಂದ ಮಾತ್ರೆಯ ಭಾಷೆಗೆ ಪದ್ಯ ದಾಟಿಸುವುದು ಹೇಗೆ ಅನ್ನುವುದಕ್ಕೆ ಬಿ.ಎಂ.ಶ್ರೀ. ಅವರನ್ನೇ ನೋಡಬೇಕು. ಇಂಗ್ಲೆಂಡಿನ ಪಾದ್ರಿ ನ್ಯೂಮನ್ 1833ರಲ್ಲಿ ಹಡಗಿನಲ್ಲಿದ್ದಾಗ ಬರೆದ ‘ಲೀಡ್, ಕೈಂಡ್ಲಿ ಲೈಟ್’ ಅವರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ‘ಕರುಣಾಳು, ಬಾ, ಬೆಳಕೆ’ ಆಯಿತು. ಇಂಗ್ಲಿಷಿನ ಒತ್ತನ್ನು ಅವರು ಕನ್ನಡದ ಮೇಲೆ ಹೇರಲಿಲ್ಲ. ಕರುಣಾಳು, ಬಾ ಬೆಳಕೆ, ಮುಸುಕಿದೀ, ಮಬ್ಬಿನಲಿ: ಐದೈದು ಮಾತ್ರೆಯ ನಾಲ್ಕು ಗಣ. ಮೂಲದಲ್ಲಿ ಉದ್ದ ಸಾಲಿನ ಹಿಂದೆ ಒಂದು ಗಿಡ್ಡ ಸಾಲು ಬರುತ್ತದೆ, ಅದನ್ನು ಮಾತ್ರ ‘ಕೈ ಹಿಡಿದು ನಡೆಸೆನ್ನನು’ ಅಂತ ಉಳಿಸಿಕೊಂಡರು. ಮೂಲದ ಬೇಡಿಕೆಯ ಭಾರ ‘ಲೀಡ್’, ‘ಲೈಟ್’ ಮೇಲೆ ಬೀಳುತ್ತದೆ. ಇಲ್ಲಿ ಅದು ‘ಣಾ’, ‘ಬಾ’ ಗುರುಗಳಿಗೆ ಬಂತು. ಪ್ರಸ್ತಾರ ಹಾಕಬೇಕಾದದ್ದು ಇದಕ್ಕೆ.

ಹಾಗಾದರೆ ಲಂಡನ್ ಉಚ್ಚಾರ ಕಲಿಯಬೇಕಾ ಅಂತ ಕೇಳುತ್ತಾರೆ. ಬೇಡ. ಸ್ಕಾಟ್ಲೆಂಡಿನವರು, ಅಮೆರಿಕದವರು ಸ್ವರಗಳನ್ನು ಅವರವರ ಥರ ಹೇಳುತ್ತಾರೆ, ಆದರೆ ಒತ್ತು ಬಹುಪಾಲು ಅಲ್ಲೇ ಬೀಳುತ್ತದೆ. ನಾವು ‘ಹಾರ್ಟ್’ನಲ್ಲಿ ‘ರ’ಕಾರ ಚೆನ್ನಾಗಿ ಹೇಳುತ್ತೇವಲ್ಲ, ಶೇಕ್ಸ್‌ಪಿಯರನ ಕಾಲದವರೂ ಹೇಳುತ್ತಿದ್ದರು. ಅದನ್ನು ಬಿಟ್ಟದ್ದು ಲಂಡನ್ನಿನವರು, ಆಮೇಲೆ. ನಿಮಗೆ ಬೇಕಾಗಿರುವುದು ಒಂದು ಡಿಕ್ಷನರಿ ಅಷ್ಟೇ. ಉಚ್ಚಾರ ಕೊಟ್ಟಿರುವಲ್ಲಿ ಮೇಲೆ ಒಂದು ಸಣ್ಣ ಗೆರೆ ಇರುತ್ತದೆ, ಅದರ ಮುಂದಿನ ಅಕ್ಷರಕ್ಕೆ ಒತ್ತು. ಹಳೆಯ ಕೆಲವು ಡಿಕ್ಷನರಿಗಳಲ್ಲಿ ಗೆರೆ ಒತ್ತಿನ ಅಕ್ಷರದ ಆಮೇಲೆ ಬರುತ್ತದೆ, ಹಾಗಾಗಿ ಮೊದಲು ಅದರ ಮುನ್ನುಡಿ ನೋಡಿಕೊಳ್ಳಿ.