ಲಗ್ನಪತ್ರಿಕೆಯ ಕಂಪ್ಯೂಟರು, ಯಕ್ಷಗಾನದ ವಿಡಿಯೊ

ಚಿಕ್ಕಪೇಟೆಯ ಒಳಗಲ್ಲಿಯೊಂದರಲ್ಲಿ ನಮ್ಮ ಮನೆಯ ಲಗ್ನಪತ್ರಿಕೆಗಳನ್ನು ಎರಡು ತಲೆಮಾರಿನಿಂದ ಅಚ್ಚು ಹಾಕಿಸಿಕೊಡುತ್ತಿರುವ ಅಂಗಡಿಯೊಂದಿದೆ. ಅಲ್ಲಿನ ಡಿಟಿಪಿ ಮೇಜಿನ ಮೇಲಿರುವ ಕಂಪ್ಯೂಟರಿಗೆ ಹದಿಮೂರು ವರ್ಷ ವಯಸ್ಸು. ರ‍್ಯಾಮ್ (ಕೆಲಸದ ಹೊತ್ತಿನ ನೆನಪು) 4 ಜಿಬಿ. ಕ್ಯಾಬಿನೆಟ್ಟಿನ ಒಂದು ಬದಿಯ ತಗಡನ್ನು ಸೆಕೆಗೆಂದು ಕಳಚಿಟ್ಟಿರುವುದರಿಂದ ಫ್ಯಾನಿಗೆ ಹತ್ತಿಯಂತೆ ಅಂಟಿಕೊಂಡ ಧೂಳು ಎದ್ದು ಕಾಣುತ್ತದೆ. ಕಳೆದ ಮಾಘದಲ್ಲಿ ನಾನು ಪಕ್ಕದಲ್ಲಿ ಕುಳಿತಿದ್ದ ಮುಕ್ಕಾಲು ಗಂಟೆಯಲ್ಲಿ ಅಂಗಡಿಯವರು ಮೂರು ಪತ್ರಿಕೆಗಳ ತಿದ್ದುಪಡಿ ಮುಗಿಸಿದರು. ಯಂತ್ರಕ್ಕಾಗಿ ಒಮ್ಮೆಯೂ ಕಾಯಲಿಲ್ಲ. ಅದೇ ವಾರ ಬಸವನಗುಡಿಯಲ್ಲಿ ನನ್ನ ಅಕ್ಕನ ಮಗಳು ಎರಡು ತಿಂಗಳ ಹಿಂದಷ್ಟೇ ಕೊಂಡ ಲ್ಯಾಪ್‌ಟಾಪಿನ ಮುಂದೆ, ಫೋನಿನಲ್ಲಿ ಚಿತ್ರೀಕರಿಸಿದ ಯಕ್ಷಗಾನದ ತುಣುಕೊಂದನ್ನು ಕತ್ತರಿಸಿ ಜೋಡಿಸಲು ಹೆಣಗುತ್ತಿದ್ದಳು. ಚೆಂಡೆಯ ಪೆಟ್ಟು ಕೇಳಿಸಿ ಒಂದು ಗಳಿಗೆಯಾದ ಮೇಲೆ ಪರದೆಯ ಮೇಲೆ ವೇಷಧಾರಿಯ ಕಾಲು ಏಳುತ್ತಿತ್ತು. “ಹದಿನಾರು ಜಿಬಿ ರ‍್ಯಾಮ್ ಇದೆ ಮಾವ, ಎಡಿಟಿಂಗಿಗೆ ಇದು ಧಾರಾಳ ಅಂದಿದ್ರು ಅಂಗಡಿಯಲ್ಲಿ” ಎಂದಳು.

ಹಳೆಯದು ಓಡುತ್ತದೆ, ಹೊಸದು ಕುಂಟುತ್ತದೆ. ಅಂಗಡಿಯ ಫಲಕದಲ್ಲಿ ಬರೆದಿರುವ ಗಿಗಾಹರ್ಟ್ಸ್, ಕೋರ್, ಜಿಬಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ಒಗಟನ್ನು ಬಿಡಿಸಲಾಗುವುದಿಲ್ಲ. ಕಂಪ್ಯೂಟರಿನ ವೇಗವೆಂಬುದು ಒಂದೇ ಅಂಕಿಯಲ್ಲಿ ಹೇಳಬಹುದಾದ ಗುಣವಲ್ಲ. ನಾವು ಮಾಡುವ ಕೆಲಸ ಯಂತ್ರದೊಳಗೆ ಯಾವ ಜಾಗದಲ್ಲಿ ಬಂದು ಕಾಯುತ್ತ ನಿಲ್ಲುತ್ತದೆ ಎಂಬುದನ್ನು ತಿಳಿಯದೆ ಎರಡು ಕಂಪ್ಯೂಟರುಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲವೆಂಬುದು ನನ್ನ ಅಭಿಪ್ರಾಯ.

ಮೊದಲು ಪತ್ರಿಕೆಯನ್ನೇ ತೆಗೆದುಕೊಳ್ಳೋಣ. ಎ4 ಅಳತೆಯ ಪುಟವನ್ನು ಇಂಚಿಗೆ 300 ಚುಕ್ಕಿಗಳಂತೆ ಅಚ್ಚಿಗೆ ಸಿದ್ಧಪಡಿಸಿದರೆ ಅಗಲಕ್ಕೆ 2480, ಎತ್ತರಕ್ಕೆ 3508, ಒಟ್ಟು ಸುಮಾರು 87 ಲಕ್ಷ ಚುಕ್ಕಿಗಳಾಗುತ್ತವೆ. 4ಕೆ ವಿಡಿಯೊದ ಒಂದು ಫ್ರೇಮಿನಲ್ಲಿ, ಅಂದರೆ ಒಂದು ಬಿಡಿಚಿತ್ರದಲ್ಲಿ, 3840ಕ್ಕೆ 2160ರಂತೆ ಸುಮಾರು 83 ಲಕ್ಷ ಚುಕ್ಕಿಗಳಿರುತ್ತವೆ. ಎರಡೂ ಹೆಚ್ಚುಕಡಿಮೆ ಸಮ. ಆದರೆ ಅಂಗಡಿಯವರು ಒಂದು ಪುಟವನ್ನು ಹದಿನೈದು ನಿಮಿಷ ಮುಂದಿಟ್ಟುಕೊಂಡು ತಿದ್ದುತ್ತಾರೆ. ಸೊಸೆಯ ಲ್ಯಾಪ್‌ಟಾಪು ಅಂಥ ಮೂವತ್ತು ಪುಟಗಳನ್ನು ಪ್ರತಿ ಸೆಕೆಂಡಿಗೂ ಬರೆದು, ಅಳಿಸಿ, ಮತ್ತೆ ಬರೆಯಬೇಕು.

ಪತ್ರಿಕೆಯ ಕೆಲಸ ಹಗುರವಾಗಿರುವುದಕ್ಕೆ ಕನ್ನಡಕ್ಕೇ ಸಂಬಂಧಿಸಿದ ಇನ್ನೊಂದು ಕಾರಣವೂ ಇದೆ. ಆ ಅಂಗಡಿಯಲ್ಲಿ ಇಂದಿಗೂ ನಡೆಯುತ್ತಿರುವುದು ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್, ಅದೂ 2001ರಲ್ಲಿ ಬಂದ ಅದರ ಕೊನೆಯ ಆವೃತ್ತಿ. ಅದರೊಳಗೆ ಕನ್ನಡವನ್ನು ಮೂಡಿಸುವ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ನಮ್ಮ ಅಕ್ಷರಗಳ ತುಣುಕುಗಳನ್ನು ಕೂರಿಸಿಕೊಂಡಿರುತ್ತವೆ. ಕಂಪ್ಯೂಟರು ತಾನು ಇಂಗ್ಲಿಷ್ ತೋರಿಸುತ್ತಿದ್ದೇನೆಂದೇ ತಿಳಿದುಕೊಂಡು ಒಂದರ ಪಕ್ಕ ಒಂದು ತುಣುಕನ್ನು ಇಡುತ್ತ ಹೋಗುತ್ತದೆ. ಒಂದೊಂದು ಲಿಪಿಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಯೂನಿಕೋಡಿನಲ್ಲಿ ಹಾಗಲ್ಲ. ‘ಸ್ತ್ರೀ’ ಎಂಬ ಒಂದು ಅಕ್ಷರ ಅಲ್ಲಿ ಸ, ಹಲಂತ, ತ, ಹಲಂತ, ರ, ಈಕಾರ ಎಂಬ ಆರು ಸಂಕೇತಗಳಾಗಿ, ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಕ್ರಮದಲ್ಲಿ 18 ಬೈಟುಗಳಾಗಿ ಉಳಿಯುತ್ತದೆ. ಯಾವ ಒತ್ತು ಎಲ್ಲಿ ಕೂರಬೇಕು, ಗುಣಿತ ಯಾವುದಕ್ಕೆ ಅಂಟಬೇಕು ಎಂಬುದನ್ನು ತೋರಿಸುವ ಹೊತ್ತಿನಲ್ಲಿ ತಂತ್ರಾಂಶ ಲೆಕ್ಕಹಾಕುತ್ತದೆ. ಇಂದಿನ ಯಂತ್ರಗಳಿಗೆ ಇದು ಲೆಕ್ಕಕ್ಕಿಲ್ಲದ ಶ್ರಮ. ಆದರೂ ಹಳೆಯ ಯಂತ್ರ ಏಕೆ ಏದುಸಿರು ಬಿಡುವುದಿಲ್ಲ ಎಂಬುದಕ್ಕೆ ಇಲ್ಲಿ ಅರ್ಧ ಉತ್ತರವಿದೆ: ತಂತ್ರಾಂಶ ಆ ಯಂತ್ರಕ್ಕಿಂತಲೂ ಹಳೆಯದು.

ಇನ್ನು ಯಕ್ಷಗಾನದ ತುಣುಕು. 4ಕೆ ಫ್ರೇಮಿನ ಒಂದೊಂದು ಚುಕ್ಕಿಗೆ ಮೂರು ಬೈಟಿನಂತೆ ಲೆಕ್ಕ ಹಾಕಿದರೆ ಒಂದು ಫ್ರೇಮಿಗೆ ಸುಮಾರು 25 ಎಂಬಿ, ಮೂವತ್ತು ಫ್ರೇಮುಗಳ ಒಂದು ಸೆಕೆಂಡಿಗೆ ಸುಮಾರು 746 ಎಂಬಿ, ಒಂದು ನಿಮಿಷಕ್ಕೆ ಸುಮಾರು 45 ಜಿಬಿ. ಫೋನಿನಲ್ಲಿ ಆ ಒಂದು ನಿಮಿಷ ಇನ್ನೂರು ಎಂಬಿಯ ಆಸುಪಾಸಿನಲ್ಲಿ ಮುಗಿದಿರುತ್ತದೆ. ಇನ್ನೂರು ಪಟ್ಟಿಗೂ ಮಿಕ್ಕಿದ ಈ ಅಡಕಕ್ಕೆ ಫೋನು ಬಳಸುವ ಉಪಾಯವೆಂದರೆ, ಎಲ್ಲೋ ಒಂದು ಫ್ರೇಮನ್ನು ಪೂರ್ತಿಯಾಗಿ ಉಳಿಸಿ, ಮುಂದಿನವುಗಳಲ್ಲಿ ಏನು ಕದಲಿತು, ಯಾವ ಬಣ್ಣ ಬದಲಾಯಿತು ಎಂಬುದನ್ನಷ್ಟೇ ಬರೆದಿಡುವುದು. ಹಿಂದಿನ ಪರದೆ ಕದಲದೆ ಭಾಗವತರು ಕೂತಲ್ಲೇ ಕೂತಿದ್ದರೆ ಬರೆಯುವುದಕ್ಕೆ ಹೆಚ್ಚೇನೂ ಇರುವುದಿಲ್ಲ. 2013ರಲ್ಲಿ ರೂಪುಗೊಂಡ ಎಚ್.265 ಎಂಬ ಮಾನದಂಡ ಈ ಉಳಿತಾಯವನ್ನು ಬಹಳ ಸೂಕ್ಷ್ಮವಾಗಿ ಮಾಡುತ್ತದೆ. ನೋಡುವವರಿಗೆ ಇದರಿಂದ ತೊಂದರೆಯಿಲ್ಲ, ಅವರು ಮೊದಲಿಂದ ಕೊನೆಯವರೆಗೆ ನೋಡುತ್ತಾರೆ. ಎಡಿಟ್ ಮಾಡುವವರು ಹಾಗಲ್ಲ. ನಡುವಿನ ಯಾವುದೋ ಗೆಜ್ಜೆಯ ಹೆಜ್ಜೆಗೆ ನೆಗೆಯುತ್ತಾರೆ, ಹತ್ತು ಫ್ರೇಮು ಹಿಂದೆ ಬರುತ್ತಾರೆ. ಪ್ರತಿ ನೆಗೆತಕ್ಕೂ ಯಂತ್ರ ಹಿಂದಿನ ಪೂರ್ಣ ಫ್ರೇಮಿಗೆ ಓಡಿ, ಅಲ್ಲಿಂದ ಬದಲಾವಣೆಗಳನ್ನೆಲ್ಲ ಒಂದೊಂದಾಗಿ ಕೂಡಿಸಿಕೊಂಡು ಬರಬೇಕು.

ಇದಕ್ಕೆಂದೇ ಇಂದಿನ ಚಿಪ್ಪುಗಳಲ್ಲಿ ಪ್ರತ್ಯೇಕವಾದ ಸಣ್ಣ ವಿಭಾಗವೊಂದಿರುತ್ತದೆ. ಅದಕ್ಕೆ ಬೇರೆ ಯಾವ ಕೆಲಸವೂ ಗೊತ್ತಿಲ್ಲ, ಆದರೆ ಅಡಕವಾದ ವಿಡಿಯೊವನ್ನು ಬಿಡಿಸುವುದನ್ನು ಪ್ರೊಸೆಸರಿಗಿಂತ ಬಹಳ ಕಡಿಮೆ ವಿದ್ಯುತ್ತಿನಲ್ಲಿ ಮಾಡುತ್ತದೆ. ಸೊಸೆಯ ಲ್ಯಾಪ್‌ಟಾಪಿನಲ್ಲಿ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ತುಣುಕನ್ನು ಓಡಿಸಿದೆವು. ಪ್ರೊಸೆಸರಿನ ಗೆರೆ ನೂರರ ಗೋಡೆಗೆ ಒರಗಿ ನಿಂತಿತ್ತು. ರ‍್ಯಾಮ್ ಅರ್ಧ ಖಾಲಿ. ಗ್ರಾಫಿಕ್ಸ್ ಪುಟದಲ್ಲಿ ವಿಡಿಯೊ ಡಿಕೋಡ್ ಎಂಬ ಚೌಕದ ಗೆರೆ ನೆಲಕ್ಕಂಟಿ ಮಲಗಿತ್ತು. ಎಡಿಟಿಂಗ್ ತಂತ್ರಾಂಶದ ಸೆಟ್ಟಿಂಗಿನಲ್ಲಿ ಆ ವಿಭಾಗವನ್ನು ಬಳಸುವ ಆಯ್ಕೆಯೇ ಆಫ್ ಆಗಿತ್ತು. ಅದನ್ನು ಒತ್ತಿ ಮತ್ತೆ ಓಡಿಸಿದಾಗ ಮಲಗಿದ್ದ ಗೆರೆ ಎದ್ದಿತು, ನೂರರ ಗೆರೆ ಇಪ್ಪತ್ತಕ್ಕಿಳಿಯಿತು, ಚೆಂಡೆಗೂ ಕಾಲಿಗೂ ತಾಳ ಕೂಡಿತು. ಇನ್ನಷ್ಟು ರ‍್ಯಾಮ್ ಹಾಕಿಸಲು ಅವಳು ಎತ್ತಿಟ್ಟಿದ್ದ ಹಣ ಉಳಿಯಿತು. ಮೂರು ನಾಲ್ಕು ಪದರಗಳನ್ನು ಒಟ್ಟಿಗೆ ಓಡಿಸುವಾಗ ಈ ವಿಭಾಗವೂ ಸಾಲದೆ ಬರಬಹುದು. ಆಗ ಪ್ರಾಕ್ಸಿ ಎಂಬ ಸಣ್ಣ ಅಳತೆಯ ನಕಲುಗಳ ಮೇಲೆ ಕತ್ತರಿಸಿ, ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಮೂಲಕ್ಕೆ ಮರಳುವುದು ಆ ಕಸುಬಿನವರ ರೂಢಿ.

ರ‍್ಯಾಮ್ ಬೇಡವೇ ಬೇಡ ಎಂದಲ್ಲ. 6000ಕ್ಕೆ 4000 ಚುಕ್ಕಿಗಳ ಕ್ಯಾಮೆರಾ ಚಿತ್ರವೊಂದನ್ನು ಬಣ್ಣಕ್ಕೆ 16 ಬಿಟ್ಟಿನಂತೆ ತೆರೆದರೆ ಒಂದು ಪದರಕ್ಕೇ 144 ಎಂಬಿ ಬೇಕು. ಹತ್ತು ಪದರ ಹಾಕಿ, ಹಿಂದಿನ ಹೆಜ್ಜೆಗಳಿಗೆ ಮರಳುವ ದಾರಿಯನ್ನೂ ಉಳಿಸಿಕೊಂಡು, ಪಕ್ಕದಲ್ಲಿ ಬ್ರೌಸರಿನ ಮೂವತ್ತು ಟ್ಯಾಬ್ ತೆರೆದಿಟ್ಟರೆ 8 ಜಿಬಿ ಬೇಗನೆ ತುಂಬಿಬಿಡುತ್ತದೆ. ತುಂಬಿದ ಮೇಲೆ ಮಿಕ್ಕದ್ದು ಡಿಸ್ಕಿಗೆ ಹೋಗುತ್ತದೆ, ಅಲ್ಲಿಂದ ಕಾಯುವಿಕೆ ಶುರು. ಪ್ರೊಸೆಸರಿನ ಒಂದು ಬಡಿತ ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲೂ ಮೂರನೆಯ ಒಂದರಷ್ಟು. ಅದನ್ನು ಒಂದು ಸೆಕೆಂಡಿಗೆ ಹಿಗ್ಗಿಸಿಕೊಂಡರೆ, ರ‍್ಯಾಮಿನಿಂದ ಮಾಹಿತಿ ಬರಲು ಸುಮಾರು ಐದು ನಿಮಿಷ, ತಿರುಗುವ ಭಾಗಗಳಿಲ್ಲದ ಡಿಸ್ಕಾದ ಎಸ್‌ಎಸ್‌ಡಿಯಿಂದ ಮೂರು ನಾಲ್ಕು ದಿನ, ತಿರುಗುವ ಹಾರ್ಡ್ ಡಿಸ್ಕಿನಿಂದ ಒಂದು ವರ್ಷವಾಗುತ್ತದೆ. ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತಿಗೇ 11 ಮಿಲಿಸೆಕೆಂಡು ಬೇಕು. ಬೇಕಾದ ಜಾಗ ಸೂಜಿಯ ಕೆಳಗೆ ಬರುವವರೆಗೆ ಎಂಥ ಪ್ರೊಸೆಸರೂ ಕೈಕಟ್ಟಿ ನಿಲ್ಲಲೇಬೇಕು. ನಮ್ಮ ಭಾವನವರ ಎಂಟು ವರ್ಷದ ಲೆಕ್ಕಪತ್ರದ ಲ್ಯಾಪ್‌ಟಾಪನ್ನು ಕಂಪ್ಯೂಟರಿನ ಬಿಡಿಭಾಗಗಳು ಸಿಗುವ ಎಸ್.ಪಿ. ರೋಡಿಗೆ ಒಯ್ದು ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿದೆವು. ಅಂಗಡಿಯ ಹುಡುಗ ಹನ್ನೊಂದು ಸ್ಕ್ರೂಗಳನ್ನು ಬಿಚ್ಚಿ ಅಯಸ್ಕಾಂತದ ತಟ್ಟೆಗೆ ಹಾಕಿ, ಹತ್ತೇ ನಿಮಿಷದಲ್ಲಿ ಡಿಸ್ಕ್ ಬದಲಿಸಿ ಮುಚ್ಚಿಕೊಟ್ಟ. ಮೊದಲು ಆನ್ ಮಾಡಿ ಕಾಫಿ ಕುಡಿದು ಬರುತ್ತಿದ್ದ ಭಾವನವರು ಈಗ ಕಾಫಿಗೆ ಎದ್ದೇಳಲು ನೆಪವಿಲ್ಲವೆಂದು ಗೊಣಗುತ್ತಾರೆ.

2020ರ ನವೆಂಬರಿನಲ್ಲಿ ಆಪಲ್ ತನ್ನ ಎಂ1 ಚಿಪ್ಪಿನ ಕಂಪ್ಯೂಟರುಗಳನ್ನು ತಂದಾಗ ಅವು ಎಡಿಟರುಗಳ ಮನಗೆದ್ದುದಕ್ಕೆ ಕಾರಣವೂ ಈ ಕಾಯುವಿಕೆಯಲ್ಲೇ ಇದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿರುವ ಯಂತ್ರದಲ್ಲಿ ಪ್ರೊಸೆಸರಿಗೊಂದು ನೆನಪು, ಕಾರ್ಡಿಗೆ ಇನ್ನೊಂದು. ಚಿತ್ರಗಳು ಎರಡರ ನಡುವೆ ಹೋಗಿ ಬರುತ್ತಿರಬೇಕು. ಎಂ1ರಲ್ಲಿ ಇಬ್ಬರಿಗೂ ಒಂದೇ ನೆನಪು, ವಿಡಿಯೊ ಬಿಡಿಸುವ ವಿಭಾಗವೂ ಅದೇ ಚಿಪ್ಪಿನೊಳಗೆ. ಆದರೆ ಆ ನೆನಪನ್ನು ಆಮೇಲೆ ಹೆಚ್ಚಿಸಿಕೊಳ್ಳುವ ಹಾಗಿಲ್ಲ. ಕೊಳ್ಳುವ ದಿನವೇ ಮುಂದಿನ ಐದು ವರ್ಷದ ಅಂದಾಜು ಹಾಕಬೇಕೆಂಬುದು, ಎಸ್.ಪಿ. ರೋಡಿನಲ್ಲಿ ಬೇಕಾದಾಗ ಒಂದು ರ‍್ಯಾಮ್ ಪಟ್ಟಿ ಸಿಕ್ಕಿಸಿಕೊಂಡು ಬರುವ ನಮ್ಮಂಥವರಿಗೆ ಕಷ್ಟದ ಮಾತು. ಮೂರು ಆಯಾಮದ ಚಿತ್ರಣಕ್ಕೆ ಇಳಿಯುವವರಿಗೆ ಇಂದಿಗೂ ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಡೆಸ್ಕ್‌ಟಾಪನ್ನೇ ನಾನು ಹೇಳುತ್ತೇನೆ, ಜೊತೆಗೆ ಒಂದು ಯುಪಿಎಸ್.

ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳಾದ ಕೋರುಗಳ ಸಂಖ್ಯೆಯ ಮೋಹವನ್ನೂ ಇಲ್ಲಿಯೇ ಹೇಳಿಬಿಡಬೇಕು. ಬೆಳಗಿನ ದರ್ಶಿನಿಯಲ್ಲಿ ದೋಸೆಯ ಕಾವಲಿಗಳನ್ನು ಎರಡರಿಂದ ಹತ್ತಕ್ಕೇರಿಸಿದರೂ ಟೋಕನ್ ಕೊಡುವವರು ಒಬ್ಬರೇ ಆದರೆ ಸಾಲು ಕರಗುವುದಿಲ್ಲ. 1967ರಲ್ಲಿ ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ ಇದನ್ನೇ ಗಣಿತವಾಗಿ ಮಂಡಿಸಿದರು: ಹತ್ತು ನಿಮಿಷದ ಕೆಲಸದಲ್ಲಿ ನಾಲ್ಕು ನಿಮಿಷದ ಭಾಗವನ್ನು ಹಂಚಲು ಬಾರದಿದ್ದರೆ, ಎಷ್ಟೇ ಕೋರುಗಳಿದ್ದರೂ ನಾಲ್ಕು ನಿಮಿಷಕ್ಕಿಂತ ಬೇಗ ಮುಗಿಯದು. ವಿಡಿಯೊ ಎಕ್ಸ್‌ಪೋರ್ಟ್ ಚೆನ್ನಾಗಿ ಹಂಚಿಕೆಯಾಗುವ ಕೆಲಸ. ಪತ್ರ ಬರೆಯುವುದು, ಲೆಕ್ಕದ ಹಾಳೆ, ಮೇಲ್, ವಿಡಿಯೊ ಸಭೆ ಮುಂತಾದವುಗಳಲ್ಲಿ ಕಾಯುವವರು ನಾವಲ್ಲ, ನಮಗಾಗಿ ಕಾಯುವುದು ಯಂತ್ರವೇ. ಈಚಿನ ಯಾವ ಸಾಧಾರಣ ಯಂತ್ರವೂ 8 ಜಿಬಿ ಮತ್ತು ಎಸ್‌ಎಸ್‌ಡಿ ಇದ್ದರೆ ಇವಕ್ಕೆ ಸಾಕು.

ಸಂಗೀತದವರ ಕಷ್ಟ ಬೇರೆ. ಮೃದಂಗದ ಧ್ವನಿಮುದ್ರಣ ಕೇಳಿಕೊಂಡು ಹಾಡುವಾಗ ಹಾಡುವವರ ದನಿಯನ್ನು ಕಂಪ್ಯೂಟರು ಒಳತೆಗೆದುಕೊಂಡು, ಸಂಸ್ಕರಿಸಿ, ಹೆಡ್‌ಫೋನಿಗೆ ಹಿಂದಿರುಗಿಸಬೇಕು. ಸೆಕೆಂಡಿಗೆ 44,100 ಮಾದರಿಗಳಂತೆ ತೆಗೆದುಕೊಳ್ಳುವ ದನಿಯನ್ನು 1024ರ ಕಟ್ಟುಗಳಾಗಿ ಹಿಡಿದರೆ ಒಂದು ಕಟ್ಟು ತುಂಬಲು 23 ಮಿಲಿಸೆಕೆಂಡು ಬೇಕು. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಶಬ್ದ ಎಂಟು ಮೀಟರ್ ಸಾಗುತ್ತದೆ, ಅಂದರೆ ತನ್ನ ದನಿ ತನಗೇ ಕೋಣೆಯಾಚೆಯಿಂದ ಕೇಳಿಸಿದ ಹಾಗೆ. ಕಟ್ಟನ್ನು 128ಕ್ಕೆ ಇಳಿಸಿದರೆ ತಡ 3 ಮಿಲಿಸೆಕೆಂಡಿಗೂ ಕಡಿಮೆಯಾಗುತ್ತದೆ, ಆದರೆ ಪ್ರತಿ ಕಟ್ಟಿನ ಲೆಕ್ಕವನ್ನೂ ಅಷ್ಟರೊಳಗೆ ಮುಗಿಸಬೇಕು. ತಪ್ಪಿದರೆ ದನಿಯಲ್ಲಿ ಚಟಪಟ. ಇಲ್ಲಿ ಹತ್ತು ಕೋರಿಗಿಂತ ಒಂದು ಚುರುಕಾದ ಕೋರು, ಫ್ಯಾನಿನ ಸದ್ದಿಲ್ಲದ ಯಂತ್ರ ಮೇಲು. ಸದ್ದಿಲ್ಲದ ತೆಳು ಯಂತ್ರಗಳು ಏಪ್ರಿಲ್ ಮಧ್ಯಾಹ್ನ ಅರ್ಧ ಗಂಟೆ ದುಡಿದ ಮೇಲೆ ಬಿಸಿಯೇರಿ ತಾವಾಗಿ ವೇಗ ತಗ್ಗಿಸಿಕೊಳ್ಳುತ್ತವೆ ಎಂಬುದನ್ನೂ ನೆನಪಿಡಬೇಕು.

ಕೊನೆಯದು ಪರದೆ. ವಿವರಪಟ್ಟಿಯ ಮೂಲೆಯಲ್ಲಿ ‘45% ಎನ್‌ಟಿಎಸ್‌ಸಿ’ ಎಂದು ಹಳೆಯ ಟಿವಿ ಬಣ್ಣಗಳ ಅಳತೆ ಬರೆದಿದ್ದರೆ, ಸಾಮಾನ್ಯ ಮಾನದಂಡವಾದ ಎಸ್‌ಆರ್‌ಜಿಬಿಯ ಬಣ್ಣಗಳಲ್ಲಿ ಮೂರನೆಯ ಎರಡು ಭಾಗವನ್ನೂ ಆ ಪರದೆ ತೋರಿಸಲಾರದು ಎಂದು ಅರ್ಥ. ಅಂಥ ಪರದೆಯಲ್ಲಿ ಕುಂಕುಮ ಮಂಕಾಗಿ ಕಾಣುತ್ತದೆ, ತಿದ್ದಲು ಹೋದವರು ಅತಿಯಾಗಿ ಕೆಂಪು ತುಂಬುತ್ತಾರೆ. ಸೊಸೆಗೆ ಇದನ್ನು ಹೇಳಿ, ರ‍್ಯಾಮಿನ ಹಣದಲ್ಲಿ ಒಂದು ಒಳ್ಳೆಯ ಮಾನಿಟರ್ ಕೊಳ್ಳಲು ಒಪ್ಪಿಸಿದ್ದೇನೆ.

ಚಿಕ್ಕಪೇಟೆಯ ಅಂಗಡಿಯವರು ಪರದೆಯ ಬಣ್ಣವನ್ನು ಎಂದೂ ನಂಬಿದವರಲ್ಲ. ಅವರ ಮಾನಿಟರಿನ ಪಕ್ಕದ ಗೋಡೆಗೆ ಹಿಂದೆ ಅಚ್ಚಾದ ಕಾರ್ಡುಗಳ ತುಂಡುಗಳನ್ನು ಅಂಟಿಸಿ, ಒಂದೊಂದರ ಕೆಳಗೂ ಬಾಲ್‌ಪೆನ್ನಿನಲ್ಲಿ ಶಾಯಿಯ ಪ್ರಮಾಣ ಬರೆದಿಟ್ಟಿದ್ದಾರೆ. ಕುಂಕುಮಕ್ಕೆ ಮೆಜೆಂಟಾ 100, ಹಳದಿ 100. ಗಿರಾಕಿ ಗೋಡೆಯ ತುಂಡನ್ನು ಮುಟ್ಟಿ ತೋರಿಸುತ್ತಾರೆ, ಇವರು ಅಂಕಿಯನ್ನು ಒತ್ತುತ್ತಾರೆ. ಈ ಯಂತ್ರ ಕೈಕೊಟ್ಟರೆ ಏನು ಮಾಡುತ್ತೀರಿ ಎಂದು ಕೇಳಿದಾಗ ಅವರು ಮೇಜಿನ ಕೆಳಗೆ ಬಗ್ಗಿ ಪ್ಲಾಸ್ಟಿಕ್ ಹೊದಿಕೆಯೊಂದನ್ನು ಎತ್ತಿ ತೋರಿಸಿದರು. ಎಸ್.ಪಿ. ರೋಡಿನ ಹಳೆಯ ಮಾಲಿನಲ್ಲಿ ಹುಡುಕಿ ತಂದ, ಅದೇ ಮಾದರಿಯ ಇನ್ನೊಂದು ಕಂಪ್ಯೂಟರು ಅಲ್ಲಿತ್ತು. “ಹೊಸದಕ್ಕೆ ಹೋದ್ರೆ ನಮ್ಮ ಅಕ್ಷರಗಳು ಬರಲ್ಲ ಸಾರ್” ಎಂದು ಹೊದಿಕೆ ಮುಚ್ಚಿ, ಮುಂದಿನ ಪತ್ರಿಕೆಯ ವರನ ಹೆಸರಿನ ಒತ್ತಕ್ಷರ ಸರಿಪಡಿಸಲು ತಿರುಗಿದರು.