ಎಷ್ಟು ಕ್ಯೂಸೆಕ್ ಅಂದಾಗ ಗಂಟುಮೂಟೆ ಕಟ್ಟಬೇಕು?

ಪ್ರಶ್ನೆ: ನಮ್ಮದು ಚಿಕ್ಕೋಡಿ ತಾಲ್ಲೂಕಿನ ಹೊಳೆದಂಡೆಯ ಊರು. ಜುಲೈ ಬಂದರೆ ಸಾಕು, ಟಿವಿಯಲ್ಲಿ ಅಷ್ಟು ಕ್ಯೂಸೆಕ್, ಇಷ್ಟು ಕ್ಯೂಸೆಕ್ ಅಂತ ಶುರುವಾಗುತ್ತದೆ. ಎಷ್ಟಾದರೆ ಮನೆ ಬಿಡಬೇಕು? ಮೊದಲೇ ಏನು ತಯಾರಿ ಮಾಡಿಕೊಳ್ಳಬೇಕು?

ಉತ್ತರ: ಒಂದು ಸಂಖ್ಯೆ ಹೇಳಿ ಕೈತೊಳೆದುಕೊಂಡರೆ ನನಗೂ ಸುಲಭ. ಆದರೆ ಎಲ್ಲ ಊರಿಗೂ ಹೊಂದುವ ಸಂಖ್ಯೆ ಇಲ್ಲ. ಟಿವಿಯವರು ಹೇಳುವುದು ಹೊಳೆಯ ಲೆಕ್ಕ. ನಿಮಗೆ ಬೇಕಾಗಿರುವುದು ನಿಮ್ಮ ಹೊಸ್ತಿಲಿನ ಲೆಕ್ಕ.

ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರ್. 1 ಲಕ್ಷ ಕ್ಯೂಸೆಕ್ ಒಂದು ಹಗಲು ಒಂದು ರಾತ್ರಿ ಹರಿದರೆ 8.64 ಟಿಎಂಸಿ ಆಗುತ್ತದೆ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಘಟಪ್ರಭೆಯ ಹಿಡಕಲ್ ಡ್ಯಾಮ್ ಹಿಡಿಯುವುದೇ ಸುಮಾರು 51 ಟಿಎಂಸಿ. ಅಂದರೆ ಖಾಲಿ ಹಿಡಕಲ್ ಆರೇ ದಿನದಲ್ಲಿ ತುಂಬುವಷ್ಟು ನೀರು.

ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಮಹಾರಾಷ್ಟ್ರದ ಕೊಯ್ನಾ ಡ್ಯಾಮಿನಿಂದ ಬಿಟ್ಟದ್ದು, ಕೃಷ್ಣೆಯ ರಾಜಾಪುರ ಬ್ಯಾರೇಜಿನಿಂದ ಬಂದದ್ದು ಎರಡನ್ನೂ ಕೂಡಿಸಿ ಗಾಬರಿಯಾಗುತ್ತಾರೆ. ಕೊಯ್ನಾ ನೀರು, ವಾರಣಾ ನೀರು, ಪಂಚಗಂಗಾ ನೀರು ಎಲ್ಲ ಕೃಷ್ಣೆಗೆ ಸೇರಿದ ಮೇಲೆಯೇ ರಾಜಾಪುರ ಬರುವುದು. ಹಾಗಾಗಿ ರಾಜಾಪುರದ ಲೆಕ್ಕದಲ್ಲಿ ಕೊಯ್ನಾ ಆಗಲೇ ಇದೆ. ಕೂಡಿಸಬೇಕಾದದ್ದು ದೂಧಗಂಗಾ. ಅದು ಕಲ್ಲೋಳದ ಹತ್ತಿರ ಕೃಷ್ಣೆಗೆ ಸೇರುತ್ತದೆ. ನಿಮ್ಮ ಊರು ಕಲ್ಲೋಳಕ್ಕಿಂತ ಕೆಳಗಿದ್ದರೆ ರಾಜಾಪುರ ಮತ್ತು ದೂಧಗಂಗಾ, ಇವೆರಡರ ಮೊತ್ತ ನೋಡಿ. ಗೋಕಾಕ ಕಡೆಯವರು ಹಿಡಕಲ್ ಜೊತೆ ಮಾರ್ಕಂಡೇಯ ಹೊಳೆಯನ್ನೂ ಮರೆಯಬಾರದು. ರಾಮದುರ್ಗ, ಬಾದಾಮಿ ಕಡೆ ಮಲಪ್ರಭೆಯ ನವಿಲುತೀರ್ಥ ಡ್ಯಾಮ್ ನೋಡಬೇಕು. ಇಂಡಿ, ಚಡಚಣದ ಭೀಮಾ ದಂಡೆಯವರು ಮಹಾರಾಷ್ಟ್ರದ ಉಜನಿ ಡ್ಯಾಮ್ ನೋಡಬೇಕು. ಭೀಮೆಯವರಿಗೆ ಇನ್ನೊಂದು ಮಾತು. ಚಂಡಮಾರುತ, ವಾಯುಭಾರ ಕುಸಿತ ಎಲ್ಲ ಕಡಲ ಕಡೆಯವರ ಚಿಂತೆ ಅಂತ ಸುಮ್ನೆ ಇರಬೇಡಿ. 2020ರ ಅಕ್ಟೋಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಎದ್ದದ್ದು ನಾಡು ದಾಟಿ ಬಂದು ಭೀಮೆಯನ್ನು ತುಂಬಿಸಿತು. ಗಣಪ್ಪ ಹೋದ, ಮಳೆಗಾಲ ಮುಗಿಯಿತು ಅನ್ನುವಂತಿಲ್ಲ.

ಈಗ ಹೊಸ್ತಿಲಿಗೆ ಬರೋಣ. 2019ರ ಆಗಸ್ಟಿನಲ್ಲಿ ನೀರು ನಿಮ್ಮ ಗೋಡೆಯಲ್ಲಿ ಎಲ್ಲಿಯವರೆಗೆ ಬಂದಿತ್ತು? ಅಲ್ಲಿ ಬಣ್ಣದಿಂದ ಒಂದು ಗೆರೆ ಎಳೆಯಿರಿ. ಆಮೇಲೆ ಊರಿನ ಹಿರಿಯರ ಹತ್ತಿರ ಕೂತು ಕೇಳಿ. ಮೊದಲು ಮುಳುಗುವುದು ಯಾವುದು? ದಂಡೆಯ ಮೋಟರೋ, ಸೇತುವೆಯೋ, ಹನುಮಪ್ಪನ ಗುಡಿಯ ಮೆಟ್ಟಿಲೋ? ಅದು ಮುಳುಗಿದ ಎಷ್ಟು ತಾಸಿಗೆ ನಿಮ್ಮ ಓಣಿಗೆ ನೀರು ಬರುತ್ತದೆ? ಬರೆದಿಟ್ಟುಕೊಳ್ಳಿ. ಆ ದಿನ ಎಷ್ಟು ಕ್ಯೂಸೆಕ್ ಇತ್ತು ಅಂತ ಪಕ್ಕದಲ್ಲಿ ಬರೆಯುತ್ತಾ ಹೋದರೆ ಎರಡು ಮೂರು ಮಳೆಗಾಲದಲ್ಲಿ ನಿಮ್ಮದೇ ಸಂಖ್ಯೆ ಸಿಗುತ್ತದೆ.

ಗೋಕಾಕ ತಾಲ್ಲೂಕಿನಲ್ಲಿರುವ ನಮ್ಮ ಕಾಕಾ ಆ ವರ್ಷ ಕಟ್ಟೆ ಮೇಲೆ ಕೂತು ಹೊಳೆಯನ್ನೇ ನೋಡುತ್ತಿದ್ದರು. ಕಾಕಿ ಹೊರಡೋಣ ಅಂದಾಗೆಲ್ಲ ಒಂದೇ ಉತ್ತರ: "ಇನ್ನಾ ನಾಕ ಗೇಣ ಐತಿ, ಬಿಡ." ನೀರು ಮುಂದಿನಿಂದ ಬರಲೇ ಇಲ್ಲ. ಹೊಳೆ ಹಳ್ಳವನ್ನು ಹಿಂದಕ್ಕೆ ಒತ್ತಿತು, ಹಳ್ಳ ರಸ್ತೆಯನ್ನು ಮುಚ್ಚಿತು. ಹಿತ್ತಲಿಗೆ ನೀರು ಬಂದಾಗ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಸುತ್ತ ಆಳು ಮಟ್ಟದ ನೀರು, ಬೋಟು ಬರುವವರೆಗೆ ಮಾಳಿಗೆ ಮೇಲೆ ಕೂತರು. ಮನೆಗಿಂತ ಮೊದಲು ನೀರು ಬರುವುದು ದಾರಿಗೆ. ಅದಕ್ಕೇ ದಾರಿಯ ತಗ್ಗು ನೋಡಿ ಹೊರಡಬೇಕು, ಅದೂ ಬೆಳಕಿರುವಾಗ. ಸೇತುವೆ ಮೇಲೆ ಹರಿಯುವ ನೀರು ಒಂದು ಅಡಿ ಇದ್ದರೂ ಕಾರನ್ನು ಎತ್ತಿ ಒಯ್ಯಬಲ್ಲದು. ಬೈಕಿನ ಮಾತು ಕೇಳಲೇಬೇಡಿ.

ಹೊರಡದೇ ಉಳಿಯುವವರಲ್ಲಿ ಹೆಚ್ಚಿನವರು ಉಳಿಯುವುದು ಎಮ್ಮೆಗಾಗಿ. ಇದು ಹಟವಲ್ಲ, ಸಂಸಾರ ನಡೆಯುವುದೇ ಹಾಲಿನಿಂದ. ಹಾಗಾಗಿ ತಯಾರಿ ದನಗಳಿಂದಲೇ ಶುರುವಾಗಲಿ. ಮಡ್ಡಿ ಕಡೆ ಬೀಗರೋ ಪರಿಚಯದವರೋ ಇದ್ದರೆ ಮೇ ತಿಂಗಳಲ್ಲೇ ಮಾತಾಡಿ, ನಾಲ್ಕು ಹೊರೆ ಕಣಿಕೆ ಅಲ್ಲಿಗೆ ಸಾಗಿಸಿ. ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಮಳೆಗೆ ಮೊದಲೇ ಹಾಕಿಸಿ. ಕೊನೆ ಗಳಿಗೆಯಲ್ಲಿ ಸಾಗಿಸಲು ಆಗದಿದ್ದರೆ ಹಗ್ಗ ಬಿಚ್ಚಿ ಬಿಡಿ. ಎಮ್ಮೆ ಈಜುತ್ತದೆ, ಗೂಟ ಈಜಲು ಬಿಡುವುದಿಲ್ಲ.

ಊಟದ ವಿಷಯದಲ್ಲಿ ನಾವು ಯಾರಿಂದಲೂ ಕಲಿಯಬೇಕಾಗಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಚುರುಮುರಿ. ಒಲೆ ಬೇಡ, ಫ್ರಿಜ್ ಬೇಡ, ವಾರಗಟ್ಟಲೆ ಕೆಡುವುದಿಲ್ಲ. ತೇವ ತಾಗದಂತೆ ಬಿಗಿ ಡಬ್ಬಿಯಲ್ಲಿಟ್ಟರೆ ಆಯಿತು. ಕುಡಿಯುವ ನೀರು ಮಾತ್ರ ಜಾಸ್ತಿ ಇರಲಿ, ಸುತ್ತ ನೀರಿದ್ದರೂ ಕುಡಿಯಲು ಸಿಗದ ಹೊತ್ತು ಅದು. ನೆರೆ ಇಳಿದ ಮೇಲೂ ಕೆಲವು ವಾರ ಕಾಯಿಸಿಯೇ ಕುಡಿಯಿರಿ.

ಉತಾರ, ಆಧಾರ್, ರೇಶನ್ ಕಾರ್ಡ್, ಪಾಸ್‌ಬುಕ್, ಮನೆ ತೆರಿಗೆ ರಸೀದಿ ಎಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ, ಫೋಟೋ ತೆಗೆದು ಊರಾಚೆ ಇರುವ ಮಗನಿಗೋ ಮಗಳಿಗೋ ಕಳಿಸಿ. ದಿನವೂ ನುಂಗುವ ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆ ಎರಡು ವಾರದಷ್ಟು ಇಟ್ಟುಕೊಳ್ಳಿ. ಹೊರಡುವಾಗ ಮೇನ್ ಸ್ವಿಚ್ ಇಳಿಸಿ, ಸಿಲಿಂಡರ್ ಮುಚ್ಚಿ. 112, ಮತ್ತು ಜಿಲ್ಲಾ ಕಂಟ್ರೋಲ್ ರೂಮಿನ 1077, ಈ ಎರಡು ನಂಬರು ಬಾಗಿಲ ಹಿಂದೆ ಬರೆದಿಡಿ. ಮೋಟರು ಬಿಚ್ಚುವ ಕೆಲಸ ಹೊಳೆ ಏರುವ ಮೊದಲೇ ಆಗಬೇಕು, ಏರುವಾಗ ಅಲ್ಲ.

ಮನೆ ಮಣ್ಣಿನದಾಗಿದ್ದರೆ ಒಂದು ಮಾತು ಜಾಸ್ತಿ ಹೇಳಬೇಕು. ಇಂಥ ಮನೆಗಳು ನೀರಿನಲ್ಲಿ ನಿಂತಾಗಲೇ ಬೀಳಬೇಕೆಂದಿಲ್ಲ. ನೀರು ಇಳಿದು ಗೋಡೆ ಒಣಗುವಾಗ ಬಿರುಕು ಬಿಟ್ಟು ಕುಸಿಯುತ್ತವೆ, ಮೇಲ್ಮುದ್ದೆ, ಅಂದರೆ ಮೇಲಿನ ಮಣ್ಣಿನ ಮಾಳಿಗೆ, ಆಗಲೇ ನೆನೆದು ಭಾರವಾಗಿರುತ್ತದೆ. ಕೆಸರು ಬಳಿದು ತೆಗೆಯುವ ಮೊದಲು ಒಳಗೂ ಹೊರಗೂ ಫೋಟೋ ತೆಗೆಯಿರಿ. ಎ, ಬಿ, ಸಿ ಅಂತ ಹಾನಿಯ ವರ್ಗ ಮಾಡಲು ಬಂದವರಿಗೆ ತೋರಿಸಲು ಅದೇ ಸಾಕ್ಷಿ. ಗೋಡೆ ಪೂರ್ತಿ ಒಣಗಿ, ಗೌಂಡಿಯೊಬ್ಬರು ನೋಡಿ ಹೇಳುವವರೆಗೆ ಒಳಗೆ ಮಲಗಬೇಡಿ. ಕಾಕಾನ ಮನೆಯ ಪಡಸಾಲೆ ಗೋಡೆ ಬಿದ್ದದ್ದು ನೀರು ಇಳಿದ ನಾಲ್ಕನೇ ದಿನ, ಚೆನ್ನಾಗಿ ಬಿಸಿಲು ಬಿದ್ದಿದ್ದ ಮಧ್ಯಾಹ್ನ. ಎಲ್ಲರೂ ಇನ್ನೂ ಶಾಲೆಯ ಕಾಳಜಿ ಕೇಂದ್ರದಲ್ಲೇ ಇದ್ದರು.