ಆಲೂಗಡ್ಡೆಯ ಉಂಗುರ ರೋಗ: ನೂರು ವರ್ಷ ದಾಟಿದರೂ ಚಾಕುವಿನ ತುದಿಯಲ್ಲೇ

ಲೆಸ್ಲಿ ಕೋಲ್ಮನ್ ಎಂದರೆ ಅಡಿಕೆ ಬೆಳೆಗಾರರಿಗೆ ಕೊಳೆರೋಗ ನೆನಪಾಗುತ್ತದೆ. ಕೆನಡಾದಿಂದ ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಈ ವಿಜ್ಞಾನಿ ಕೊಳೆರೋಗದ ಬಗ್ಗೆ ಬರೆಯುವ ಮೊದಲೇ, 1909ರಲ್ಲಿ, ಆಲೂಗಡ್ಡೆಯ ಉಂಗುರ ರೋಗದ ಮೇಲೆ ಕಿರುಪುಸ್ತಿಕೆ ಬರೆದಿದ್ದರು. ರೋಗ ಪುಣೆ ಸೀಮೆಯಲ್ಲಿ 1890ರ ದಶಕದಲ್ಲೇ ಕಾಣಿಸಿಕೊಂಡಿತ್ತು. ಇದರ ಹಿಂದಿರುವುದು ದುಂಡಾಣು ಎಂದು 1896ರಲ್ಲಿ ಅಮೆರಿಕದ ಎರ್ವಿನ್ ಸ್ಮಿತ್ ವಿವರಿಸಿದರು. ವಿಜ್ಞಾನಿಗಳು ಅದಕ್ಕೆ ಹಲವು ಹೆಸರಿಟ್ಟು ಈಗ ರಾಲ್ಸ್ಟೋನಿಯಾಕ್ಕೆ ಬಂದು ನಿಂತಿದ್ದಾರೆ. ಹೊಲದಲ್ಲಿ ಅದು ಸೊರಗು ರೋಗ, ಅಷ್ಟೇ.

ಮೊದಮೊದಲು ಗಿಡ ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳುತ್ತದೆ. ಎಲೆ ಇನ್ನೂ ಹಸಿರಾಗಿರುವುದರಿಂದ ನೀರು ಸಾಲದೆಂದು ಹಾಯಿಸುತ್ತೇವೆ. ಆ ನೀರೇ ದುಂಡಾಣುವನ್ನು ಪಕ್ಕದ ಸಾಲಿಗೆ ಸಾಗಿಸುತ್ತದೆ. ಅನುಮಾನ ಬಂದರೆ ಬುಡದ ಕಾಂಡವನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡದಂತೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆಗಳು ಇಳಿದರೆ ಇದೇ ರೋಗ. ಶಿಲೀಂಧ್ರದ ಸೊರಗಿನಲ್ಲಿ ಈ ಎಳೆ ಬರುವುದಿಲ್ಲ. ಗಡ್ಡೆ ಕೊಯ್ದರೆ ಸಿಪ್ಪೆಯ ಒಳಗೆ ಕಂದು ಉಂಗುರ. ಒತ್ತಿದರೆ ಬಿಳಿ ಅಂಟು. ರೋಗ ಬಲಿತಿದ್ದರೆ ಕಣ್ಣುಗಳಿಂದಲೂ ಅಂಟು ಒಸರಿ ಅಲ್ಲೇ ಮಣ್ಣು ಮೆತ್ತಿಕೊಂಡಿರುತ್ತದೆ.

ಕಾಯಿಲೆ ಹತ್ತಿದ ಗಿಡವನ್ನು ಉಳಿಸುವ ಔಷಧಿ ಇವತ್ತಿಗೂ ಇಲ್ಲ. ಎಲೆ ಸುಟ್ಟಂತಾಗುವ ಅಂಗಮಾರಿ ರೋಗಕ್ಕೆ ಹೊಡೆಯುವ ಔಷಧಿಯನ್ನೇ ಇದಕ್ಕೂ ಹೊಡೆದರೆ ದುಡ್ಡು ದಂಡ. ಗಿಡವನ್ನು ಗಡ್ಡೆ ಸಮೇತ ಕಿತ್ತು ಹೊಲದಾಚೆ ಸುಡಬೇಕು; ತಿಪ್ಪೆಗೆ ಎಸೆದರೆ ಗೊಬ್ಬರದ ಜೊತೆ ವಾಪಸು ಬರುತ್ತದೆ. ಮುಂದಿನ ಎರಡು ಮೂರು ವರ್ಷ ರಾಗಿ ಇಲ್ಲವೇ ಮುಸುಕಿನ ಜೋಳ ಹಾಕಿ. ಟೊಮೆಟೊ, ಬದನೆ, ಮೆಣಸಿನಕಾಯಿ ಆಲೂಗಡ್ಡೆಯ ನೆಂಟರೇ ಆದ್ದರಿಂದ ಬೇಡ. ನಾಟಿ ವೇಳೆ ಹೆಕ್ಟೇರಿಗೆ 12 ಕಿಲೋ, ಅಂದರೆ ಎಕರೆಗೆ ಸುಮಾರು 5 ಕಿಲೋ ಬ್ಲೀಚಿಂಗ್ ಪೌಡರನ್ನು ಸಾಲಿಗೆ ಹಾಕುವ ಶಿಫಾರಸಿದೆ. ಆಮೇಲೆ ಪದೇ ಪದೇ ಮಣ್ಣೇರಿಸಿ ಬೇರಿಗೆ ಗಾಯ ಮಾಡದಿದ್ದರೆ ಇನ್ನೂ ಒಳ್ಳೆಯದು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಬಿತ್ತನೆಯದು. ಹಾಸನದ ಎಪಿಎಂಸಿಗೆ ಪಂಜಾಬಿನ ಜಲಂಧರ್‌ನಿಂದ ಬರುವ ಬಿತ್ತನೆ ಗಡ್ಡೆ ದುಬಾರಿ. ಕತ್ತರಿಸಿ ನೆಟ್ಟರೆ ಒಂದು ಮೂಟೆಯಲ್ಲಿ ಹೆಚ್ಚು ಜಾಗ ಮುಗಿಯುತ್ತದೆ. ರೋಗ ಒಳಗಿದ್ದೂ ಹೊರಗೆ ಚೊಕ್ಕವಾಗಿ ಕಾಣುವ ಒಂದು ಗಡ್ಡೆ ಸಿಕ್ಕರೆ ಸಾಕು, ಅದೇ ಚಾಕು ಮುಂದಿನ ಗಡ್ಡೆಗಳಿಗೆಲ್ಲ ರೋಗ ಹಚ್ಚುತ್ತದೆ. ಸಣ್ಣ ಗಡ್ಡೆಗಳನ್ನು ಇಡಿಯಾಗಿ ನೆಡುವುದು ಕ್ಷೇಮ. ಕತ್ತರಿಸಲೇಬೇಕಾದರೆ ಎರಡು ಚಾಕು ಇಟ್ಟುಕೊಂಡು, ಒಂದು ಕೈಯಲ್ಲಿದ್ದಾಗ ಇನ್ನೊಂದು ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಮುಳುಗಿರಲಿ.